ಸಂಧಿಯೊಳಗಿನ ಸಂದಿ

1958ರ ಸೆಪ್ಟೆಂಬರ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ನಾಯಿಯ ಮೂತ್ರಪಿಂಡವನ್ನು ತೆಗೆದು, ಅದರ ಕೋಶಗಳನ್ನು ಬಿಡಿಬಿಡಿಯಾಗಿಸಿ, ಸೀಸೆಯಲ್ಲಿ ಬೆಳೆಯಲು ಬಿಟ್ಟರು. ಆ ನಾಯಿಯ ಬಗ್ಗೆ ಕೋಶಭಂಡಾರದ ದಾಖಲೆ ಹೇಳುವುದು ಇಷ್ಟೇ: ಕಾಕರ್ ಸ್ಪ್ಯಾನಿಯಲ್ ತಳಿ, ಹೆಣ್ಣು, ಪ್ರಾಯಕ್ಕೆ ಬಂದದ್ದು, ನೋಡುವುದಕ್ಕೆ ಆರೋಗ್ಯವಾಗಿಯೇ ಇತ್ತು. ನಾಯಿಗೆ ಹೆಸರಿಲ್ಲ. ಹೆಸರು ಉಳಿದದ್ದು ಕೋಶ ಬೆಳೆಸಿದ ಇಬ್ಬರದ್ದು, ಮ್ಯಾಡಿನ್ ಮತ್ತು ಡಾರ್ಬಿ. ಮ್ಯಾಡಿನ್-ಡಾರ್ಬಿ ಕೇನೈನ್ ಕಿಡ್ನಿ ಎಂಬುದರ ಮೊದಲಕ್ಷರಗಳು ಸೇರಿ ಎಂಡಿಸಿಕೆ ಆಯಿತು. ಇವತ್ತು ಲೋಕದ ಯಾವ ಮೂಲೆಯ ಜೀವಕೋಶ ಪ್ರಯೋಗಾಲಯದಲ್ಲಿ ಈ ನಾಲ್ಕು ಅಕ್ಷರ ಹೇಳಿದರೂ ಫ್ರೀಜರಿನತ್ತ ಕೈ ತೋರಿಸುವವರು ಒಬ್ಬರಾದರೂ ಸಿಗುತ್ತಾರೆ.

ಮ್ಯಾಡಿನ್ ಮತ್ತು ಡಾರ್ಬಿಗೆ ಬೇಕಾಗಿದ್ದದ್ದು ವೈರಸ್ಸು ಬೆಳೆಸಲು ಒಂದು ಹೊಲ. ವೈರಸ್ಸು ಬರಿಯ ಸಾರಿನಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶವೇ ಆಗಬೇಕು. ನಮ್ಮ ಕಡೆ ಟಿಶ್ಯೂ ಕಲ್ಚರ್ ಎಂದರೆ ಥಟ್ಟನೆ ನೆನಪಾಗುವುದು ಬಾಳೆ ಸಸಿ. ಪ್ರಾಣಿಕೋಶದ ಕೃಷಿಯೂ ತತ್ವದಲ್ಲಿ ಅದೇ, ಆದರೆ ನಖರಾ ಜಾಸ್ತಿ. 37 ಡಿಗ್ರಿ ಬೆಚ್ಚಗಿರಬೇಕು, ಗಾಳಿಯಲ್ಲಿ ನೂರಕ್ಕೆ ಐದು ಪಾಲು ಇಂಗಾಲದ ಡೈಆಕ್ಸೈಡ್ ಇರಬೇಕು, ಮೀಡಿಯಂ ಎಂಬ ಗುಲಾಬಿ ಬಣ್ಣದ ದ್ರವಕ್ಕೆ ಕರುವಿನ ಸೀರಮ್ ಬೆರೆಸಿ ಉಣಿಸಬೇಕು. ತಳವೆಲ್ಲ ತುಂಬಿದ ಮೇಲೆ ಟ್ರಿಪ್ಸಿನ್ ಹಾಕಿ ಎಬ್ಬಿಸಿ, ಪಾಲು ಮಾಡಿ, ಹೊಸ ಫ್ಲಾಸ್ಕಿಗೆ ವರ್ಗಾಯಿಸಬೇಕು. ಭಾನುವಾರ, ಹಬ್ಬ, ಮದುವೆ ಯಾವುದನ್ನೂ ಅವು ಕೇಳುವುದಿಲ್ಲ. ಲ್ಯಾಬಿನ ಹುಡುಗ ಹುಡುಗಿಯರು ‘ಸೆಲ್ಸ್ ಸ್ಪ್ಲಿಟ್ ಮಾಡ್ಬೇಕು’ ಎಂದು ಊಟ ಬಿಟ್ಟು ಓಡುವುದು ಇದಕ್ಕೇ. ಎಮ್ಮೆ ಕಟ್ಟಿಕೊಂಡವರ ಪಾಡು.

ಹೀಗೆ ಸಾಕಿದ ನಾಯಿಯ ಕೋಶಗಳು ಒಂದು ವಿಚಿತ್ರ ತೋರಿಸಿದವು. ಫ್ಲಾಸ್ಕಿನ ತಳದಲ್ಲಿ ಒಂದೇ ಪದರವಾಗಿ ಹಾಸಿಕೊಂಡ ಕೆಲವು ದಿನಗಳ ಮೇಲೆ, ಕಾವಲಿಯ ಮೇಲಿನ ಚಪಾತಿಯ ಹಾಗೆ ಆ ಪದರ ಅಲ್ಲಲ್ಲಿ ಬೊಬ್ಬೆಯೇಳುತ್ತಿತ್ತು. 1960ರ ದಶಕದ ಕೊನೆಯಲ್ಲಿ ಜೋಸೆಫ್ ಲೇಟನ್ ಮತ್ತು ಸಂಗಡಿಗರು ಈ ಗುಮ್ಮಟಗಳನ್ನು ಗಂಭೀರವಾಗಿ ತೆಗೆದುಕೊಂಡರು. ಮೂತ್ರಪಿಂಡದ ಕೋಶಕ್ಕೆ ದೇಹದಲ್ಲಿದ್ದಾಗಿನ ಕಸುಬು ಮರೆತಿರಲಿಲ್ಲ. ಮೇಲಿನ ದ್ರವದಿಂದ ಉಪ್ಪು ನೀರನ್ನು ಹೀರಿ ತನ್ನ ಕೆಳಗೆ ತಳ್ಳುತ್ತಿತ್ತು. ಕೆಳಗೆ ಪ್ಲಾಸ್ಟಿಕ್, ನೀರು ಹೋಗುವುದೆಲ್ಲಿಗೆ? ಪದರವನ್ನೇ ಎತ್ತಿಕೊಂಡು ನಿಲ್ಲುತ್ತಿತ್ತು.

ಇದರಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ತಳ್ಳಿದ ನೀರು ಕೋಶಗಳ ನಡುವಿನ ಸಂದಿಯಿಂದ ಸಲೀಸಾಗಿ ಹಿಂದಕ್ಕೆ ಸೋರುವ ಹಾಗಿದ್ದರೆ ಗುಮ್ಮಟ ಏಳುತ್ತಲೇ ಇರಲಿಲ್ಲ. ಅಂದರೆ ಪಕ್ಕಪಕ್ಕದ ಕೋಶಗಳು ತಮ್ಮ ನಡುವೆ ಏನನ್ನೋ ಬಿಗಿದುಕೊಂಡಿದ್ದವು. ಏನದು? ಎಷ್ಟು ಬಿಗಿ? ಯಾವುದಕ್ಕೂ ದಾರಿಯೇ ಇಲ್ಲವೆ?

ಪ್ರಶ್ನೆ ನಾಯಿಗಿಂತ ನೂರು ವರ್ಷ ಹಳೆಯದು.

ಚರ್ಮ, ಕರುಳಿನ ಒಳಗೋಡೆ, ಪಿತ್ತಕೋಶ, ಮೂತ್ರಪಿಂಡದ ನಳಿಕೆಗಳು, ಹೀಗೆ ದೇಹದ ಒಳಗನ್ನು ಹೊರಗಿನಿಂದ ಬೇರೆ ಮಾಡುವ ಕಡೆಯಲ್ಲೆಲ್ಲ ಕೋಶಗಳು ಹಾಸಾಗಿ ನಿಂತಿರುತ್ತವೆ. ಶಾಲೆಯ ಪುಸ್ತಕ ಇದನ್ನು ಅನುಲೇಪಕ ಅಂಗಾಂಶ ಎನ್ನುತ್ತದೆ, ವೈದ್ಯರು ಎಪಿಥೀಲಿಯಂ ಎನ್ನುತ್ತಾರೆ. ಹಳೆಯ ಪೇಟೆಬೀದಿಯಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲು ಎಂದುಕೊಳ್ಳಬಹುದು. ಮುಂಬಾಗಿಲು ಬೀದಿಗೆ, ಅಂದರೆ ಕರುಳಿನ ಟೊಳ್ಳಿಗೆ. ಹಿತ್ತಿಲ ಬಾಗಿಲು ರಕ್ತದ ಕಡೆಗೆ. ಬೀದಿಯಿಂದ ಹಿತ್ತಿಲಿಗೆ ಹೋಗಲು ಎರಡು ದಾರಿ. ಮನೆಯೊಳಗೆ ಹಾದು ಹೋಗಬೇಕು, ಇಲ್ಲವೆ ಎರಡು ಮನೆಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ಈ ಸಂದಿಯ ಬಾಯಲ್ಲೇ ಎರಡು ಕೋಶಗಳ ಸಂಧಿ ಇದೆ. ಕನ್ನಡದಲ್ಲಿ ಒಂದು ಮಹಾಪ್ರಾಣ ಸೇರಿಸಿದರೆ ಗಲ್ಲಿ ಹೋಗಿ ಜೋಡಣೆ ಆಗಿಬಿಡುತ್ತದೆ. ಅದು ಸಂಧಿಯೋ ಸಂದಿಯೋ ಎಂದು ತೀರ್ಮಾನಿಸಲು ವಿಜ್ಞಾನಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದುದು ಕೋಶಗಳ ಮೇಲ್ತುದಿಯಲ್ಲಿ, ಅಕ್ಕಪಕ್ಕ ಸೇರುವ ಕಡೆ, ಕಪ್ಪಗೆ ಬಣ್ಣ ಹಿಡಿಯುವ ಒಂದು ಪಟ್ಟಿ. ಜರ್ಮನ್ ಅಂಗರಚನಾಶಾಸ್ತ್ರಜ್ಞರು ಅದನ್ನು ಒಂದು ಬಗೆಯ ಗಾರೆ ಎಂದು ತಿಳಿದರು. ಇಟ್ಟಿಗೆಗಳ ನಡುವೆ ಗಾರೆ ಇದ್ದೇ ಇರುತ್ತದೆ, ಅದರಲ್ಲಿ ಕೇಳುವುದಕ್ಕೇನಿದೆ ಎಂಬ ಧೋರಣೆ. ಆ ಹೆಸರು ಕೆಟ್ಟದ್ದೇನಲ್ಲ, ಆದರೆ ಅದು ಕುತೂಹಲವನ್ನು ಚೆನ್ನಾಗಿ ಮಲಗಿಸಿತು.

ಎಚ್ಚರಿಸಿದ್ದು ಕಪ್ಪೆ. 1848ರಲ್ಲಿ ಬರ್ಲಿನ್ನಿನ ಎಮಿಲ್ ದು ಬ್ವಾ-ರೇಮೊನ್, ಸುಲಿದ ಕಪ್ಪೆಯ ಚರ್ಮದ ಒಳಬದಿಗೂ ಹೊರಬದಿಗೂ ನಡುವೆ ವಿದ್ಯುತ್ ವಿಭವ ಇರುವುದನ್ನು ಕಂಡ. ಸತ್ತ ಪ್ರಾಣಿಯ ಚರ್ಮ ಬ್ಯಾಟರಿಯ ಹಾಗೆ ವರ್ತಿಸುತ್ತದೆ ಎಂದರೆ ಏನು? ನೂರು ವರ್ಷ ಬಗೆಬಗೆಯ ವಿವರಣೆ ಬಂದವು, ಹೋದವು. ಒಂದು ಕಾಲಕ್ಕೆ ಪಿಯುಸಿ ಲ್ಯಾಬಿನಲ್ಲಿ ಮೇಣದ ಟ್ರೇಗೆ ಕಪ್ಪೆಯನ್ನು ಗುಂಡುಸೂಜಿಯಿಂದ ಚುಚ್ಚಿಟ್ಟು ಕೊಯ್ದವರಿಗೆ ಆ ಚರ್ಮ ಸಡಿಲವಾದ ಚೀಲದಂತೆ ಸುಲಭವಾಗಿ ಕಳಚಿ ಬರುವುದು ಗೊತ್ತು. ಪ್ರಯೋಗಕಾರರಿಗೆ ಅದು ಪ್ರಿಯವಾದದ್ದೂ ಅದಕ್ಕೇ: ಅಗಲವಾದ, ತೆಳ್ಳಗಿನ, ಎರಡು ಬದಿಯೂ ಕೈಗೆ ಸಿಗುವ ಜೀವಂತ ಹಾಸು.

ಕೋಪನ್‌ಹೇಗನ್ನಿನ ಹ್ಯಾನ್ಸ್ ಉಸಿಂಗ್ (1911–2000) ಈ ಚರ್ಮದಿಂದಲೇ ಒಂದು ಶಾಸ್ತ್ರವನ್ನು ಕಟ್ಟಿದ. 1920ರಲ್ಲಿ ನೊಬೆಲ್ ಪಡೆದ ಆಗಸ್ಟ್ ಕ್ರೋಗ್ ಅವನ ಗುರು. ಕಪ್ಪೆ ಬಲು ತೆಳುವಾದ ಕೊಳದ ನೀರಿನಿಂದಲೂ ಚರ್ಮದ ಮೂಲಕ ಉಪ್ಪನ್ನು ಹೀರಿಕೊಳ್ಳುತ್ತದೆ ಎಂದು ಕ್ರೋಗ್ ತೋರಿಸಿದ್ದ. ಉಸಿಂಗ್ ಎರಡು ಹೋಳಿನ ಒಂದು ಪೆಟ್ಟಿಗೆ ಮಾಡಿ, ನಡುವೆ ಚರ್ಮವನ್ನು ಬಿಗಿದು, ಎರಡೂ ಕಡೆ ಒಂದೇ ಉಪ್ಪುನೀರು ತುಂಬಿದ. ಹೊರಗಿನ ವಿದ್ಯುತ್ತು ಕೊಟ್ಟು ಚರ್ಮದ ವಿಭವವನ್ನು ಸೊನ್ನೆಗೆ ಇಳಿಸಿದ. ಎರಡು ಬದಿಗೂ ಈಗ ಯಾವ ವ್ಯತ್ಯಾಸವೂ ಉಳಿಯಲಿಲ್ಲ. ಆದರೂ ಕರೆಂಟು ಹರಿಯುತ್ತಲೇ ಇತ್ತು. ವಿಕಿರಣಶೀಲ ಸೋಡಿಯಂ ಬಳಸಿ ಎಷ್ಟು ಅಯಾನು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಲೆಕ್ಕ ಹಾಕಿದಾಗ ನಿವ್ವಳ ಸೋಡಿಯಂ ಮತ್ತು ಕರೆಂಟು ತಾಳೆಯಾದವು. ಕಾರ್ಲ್ ಜೆರಾನ್ ಜೊತೆ 1951ರಲ್ಲಿ ಪ್ರಕಟಿಸಿದ ಆ ಪ್ರಬಂಧ ಬ್ಯಾಟರಿಯ ಗುಟ್ಟನ್ನು ಒಡೆಯಿತು: ಕೋಶ ಶಕ್ತಿ ಖರ್ಚು ಮಾಡಿ ಸೋಡಿಯಮ್ಮನ್ನು ಹೊತ್ತು ಸಾಗಿಸುತ್ತದೆ. ಉಸಿಂಗ್ ಚೇಂಬರ್ ಎಂಬ ಹೆಸರಿನಲ್ಲಿ ಆ ಪೆಟ್ಟಿಗೆ ಇವತ್ತಿಗೂ ಮಾರಾಟಕ್ಕಿದೆ.

ಉಸಿಂಗ್‌ನ ಗಮನ ಇದ್ದದ್ದು ಮನೆಯೊಳಗಿನ ದಾರಿಯ ಮೇಲೆ. ಸಂದಿಯ ವಿಷಯ ಅವನ ಲೆಕ್ಕದಲ್ಲಿ ‘ಸೋರಿಕೆ’. ಆದರೂ ಅವನೇ 1964ರಲ್ಲಿ ಎರಿಕ್ ವಿಂಡ್‌ಹಾಗರ್ ಜೊತೆ ಸೇರಿ, ಚರ್ಮದಲ್ಲಿ ಅಯಾನುಗಳಿಗೆ ಕೋಶದ ಹೊರಗಿನಿಂದಲೇ ಒಂದು ಪಕ್ಕದಾರಿ ಇದೆ ಎಂದು ಬರೆದ. ತಾನು ಕಟ್ಟಿದ ಮನೆಯ ಗೋಡೆಗೆ ತಾನೇ ಬಿರುಕು ತೋರಿಸುವ ಪ್ರಾಮಾಣಿಕತೆ ಎಲ್ಲ ವಿಜ್ಞಾನಿಗಳಿಗೂ ಇರುವುದಿಲ್ಲ.

ಅದರ ಹಿಂದಿನ ವರ್ಷ, 1963ರಲ್ಲಿ, ಅಮೆರಿಕದಲ್ಲಿ ಮೆರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಆ ಹಳೆಯ ‘ಗಾರೆ’ಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದರು. ಇಲಿ ಮತ್ತು ಗಿನಿಪಿಗ್ ದೇಹದ ಹಲವು ಅಂಗಗಳನ್ನು ನೋಡಿದರು. ಎಲ್ಲ ಕಡೆಯೂ ಕಪ್ಪು ಪಟ್ಟಿ ಒಂದೇ ವಸ್ತುವಾಗಿ ಉಳಿಯದೆ ಮೂರು ಬೇರೆ ಬೇರೆ ಜೋಡಣೆಗಳಾಗಿ ಬಿಚ್ಚಿಕೊಂಡಿತು. ತೀರ ಮೇಲಿನದರಲ್ಲಿ ಎರಡು ಕೋಶಗಳ ಪೊರೆಗಳು ಒಂದರೊಳಗೊಂದು ಬೆಸೆದಷ್ಟು ಹತ್ತಿರ ಬಂದಿದ್ದವು. ನಡುವೆ ಗಾರೆಗೆ ಜಾಗವೇ ಇರಲಿಲ್ಲ! ಲ್ಯಾಟಿನ್ನಿನಲ್ಲಿ ಅದಕ್ಕೆ ‘ಮುಚ್ಚುವ ಪಟ್ಟಿ’ ಎಂಬರ್ಥದ ಜೊನುಲಾ ಆಕ್ಲೂಡೆನ್ಸ್ ಎಂದು ಹೆಸರಿಟ್ಟರು. ಬಳಕೆಯಲ್ಲಿ ಉಳಿದದ್ದು ಟೈಟ್ ಜಂಕ್ಷನ್. ಕೊಡದ ಬಾಯಿಗೆ ಸುತ್ತಿದ ದಾರದ ಹಾಗೆ ಅದು ಪ್ರತಿ ಕೋಶದ ಕತ್ತನ್ನು ಪೂರ್ತಿ ಬಳಸಿ ಅಕ್ಕಪಕ್ಕದವುಗಳಿಗೆ ಕಟ್ಟಿತ್ತು.

ಅದೇ ಹೊತ್ತಿಗೆ ಇನ್ನೊಂದು ಬಗೆಯ ಸಂಧಿಯೂ ಬೆಳಕಿಗೆ ಬರುತ್ತಿತ್ತು. 1964ರಲ್ಲಿ ವರ್ನರ್ ಲೋವೆನ್‌ಸ್ಟೈನ್ ಮತ್ತು ಯೋಶಿನೊಬು ಕಾನ್ನೊ ಹಣ್ಣುನೊಣದ ಜೊಲ್ಲುಗ್ರಂಥಿಯ ಒಂದು ಕೋಶಕ್ಕೆ ಹೊಳೆಯುವ ಬಣ್ಣ ಚುಚ್ಚಿದಾಗ ಅದು ಹೊರಗೆ ಚೆಲ್ಲದೆ ಪಕ್ಕದ ಕೋಶಕ್ಕೆ ದಾಟಿತು. ಇದು ನೆರೆಮನೆಗೆ ಅಡುಗೆಮನೆಯಿಂದಲೇ ಇರುವ ಒಳಬಾಗಿಲು. ಗ್ಯಾಪ್ ಜಂಕ್ಷನ್ ಎಂದು ಕರೆಸಿಕೊಂಡ ಈ ಬಾಗಿಲಿನಲ್ಲಿ ಸಕ್ಕರೆ, ಅಯಾನು, ಸಣ್ಣಪುಟ್ಟ ಅಣುಗಳು ನುಸುಳುತ್ತವೆ, ಪ್ರೋಟೀನು ದಾಟುವುದಿಲ್ಲ. ಅದರ ಚರಿತ್ರೆ ಬೇರೆಯೇ ಒಂದು ಕಥೆ. ಇಲ್ಲಿ ನೆನಪಿಡಬೇಕಾದದ್ದು, ಒಳಬಾಗಿಲಿನಲ್ಲಿ ಹೋದವರು ನೆರೆಮನೆಗೆ ಹೋಗುತ್ತಾರೆ, ಸಂದಿಯಲ್ಲಿ ಹೋದವರು ಯಾರ ಮನೆಗೂ ಕಾಲಿಡದೆ ಹಿತ್ತಿಲು ಸೇರುತ್ತಾರೆ.

ಸಂದಿಯಲ್ಲಿ ಕಳ್ಳದಾರಿ ಇರುವುದು 1972ರಲ್ಲಿ ಕಣ್ಣಿಗೆ ಕಾಣುವ ಹಾಗೆ ಸಾಬೀತಾಯಿತು. ಎಬರ್‌ಹಾರ್ಡ್ ಫ್ರೋಮ್ಟರ್ ಮತ್ತು ಜೇರೆಡ್ ಡೈಮಂಡ್ ನೆಕ್ಟೂರಸ್ ಎಂಬ ನೀರಿನ ಸಾಲಮ್ಯಾಂಡರಿನ ಪಿತ್ತಕೋಶದ ಹಾಸಿಗೆ ವಿದ್ಯುತ್ ಹಾಯಿಸಿ, ಮೇಲ್ಮೈಯ ಮೇಲೆ ಅತಿ ಸಣ್ಣ ಎಲೆಕ್ಟ್ರೋಡನ್ನು ಮೆಲ್ಲಗೆ ಓಡಿಸಿದರು. ಕೋಶದ ನಡುನೆತ್ತಿಯ ಮೇಲೆ ಮುಳ್ಳು ಸುಮ್ಮನಿತ್ತು. ಎರಡು ಕೋಶ ಸೇರುವ ಗೆರೆಯ ಮೇಲೆ ಬಂದ ಕೂಡಲೆ ಜಿಗಿಯಿತು. ಕರೆಂಟಿನ ಬಹುಪಾಲು ಸಂದಿಯಲ್ಲೇ ಹರಿಯುತ್ತಿತ್ತು. ಈ ಡೈಮಂಡ್ ಯಾರೋ ಅಲ್ಲ, ನಾಗರಿಕತೆಗಳ ಏಳುಬೀಳಿನ ಬಗ್ಗೆ ‘ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್’ ಬರೆದು 1998ರಲ್ಲಿ ಪುಲಿಟ್ಜರ್ ಪಡೆದವರೇ. ಪಿತ್ತಕೋಶದಿಂದ ಹೊರಟು ಮನುಕುಲದ ಚರಿತ್ರೆಗೆ ಹೋದವರು ಬೇರೆ ಯಾರಿದ್ದಾರೋ.

ಹಾಗಾದರೆ ‘ಟೈಟ್’ ಎಂಬ ಹೆಸರೇ ಸುಳ್ಳೆ? ಅಂಗದಿಂದ ಅಂಗಕ್ಕೆ ಬಿಗಿ ಬೇರೆಯಾಗಿತ್ತು. ಅದನ್ನು ಅಳೆಯುವುದು ವಿದ್ಯುತ್ ರೋಧದಿಂದ: ಸಂದಿ ಸೋರಿದಷ್ಟೂ ರೋಧ ಕಡಿಮೆ. ಮೂತ್ರಪಿಂಡದ ಮೊದಲ ನಳಿಕೆಯಲ್ಲಿ ಅದು ಹತ್ತು ಓಮ್–ಚದರ ಸೆಂಟಿಮೀಟರಿನ ಆಸುಪಾಸು, ಮೊಲದ ಮೂತ್ರಕೋಶದಲ್ಲಿ ಹತ್ತು ಸಾವಿರಕ್ಕೂ ಮೇಲೆ. 1973ರಲ್ಲಿ ಫಿಲಿಪಾ ಕ್ಲಾಡ್ ಮತ್ತು ಡೇನಿಯಲ್ ಗುಡೆನೊ ಇದಕ್ಕೊಂದು ಅಂದವಾದ ಕಾರಣ ಕೊಟ್ಟರು. ಅಂಗಾಂಶವನ್ನು ಹೆಪ್ಪುಗಟ್ಟಿಸಿ ಮುರಿದು ನೋಡಿದರೆ ಟೈಟ್ ಜಂಕ್ಷನ್ ಹೆಣೆದ ಎಳೆಗಳ ಬಲೆಯಂತೆ ಕಾಣುತ್ತದೆ. ಸೋರುವ ಅಂಗದಲ್ಲಿ ಎಳೆ ಒಂದೆರಡು, ಬಿಗಿಯಾದ ಅಂಗದಲ್ಲಿ ಹಲವು. ಬೇಲಿಗೆ ಸಾಲು ಹೆಚ್ಚಿದಷ್ಟೂ ದನ ನುಗ್ಗುವುದು ಕಷ್ಟ. ಯಾರಿಗಾದರೂ ಒಪ್ಪಿಗೆಯಾಗುವ ಮಾತು. ಹದಿನೈದು ವರ್ಷ ಒಪ್ಪಿಗೆಯಾಗಿಯೇ ಇತ್ತು.

ಈಗ ಮತ್ತೆ ನಾಯಿಯ ಕೋಶಗಳಿಗೆ ಬರೋಣ.

ಅಂಗದಿಂದ ಕಿತ್ತ ಹಾಸಿನೊಂದಿಗೆ ಕೆಲಸ ಮಾಡುವವರ ಗೋಳು ಎಂದರೆ ಅದು ಕೆಲವೇ ಗಂಟೆ ಬದುಕುತ್ತದೆ. ಅದರ ಕೆಳಗೆ ಸ್ನಾಯು, ರಕ್ತನಾಳ, ನಾರು ಎಲ್ಲ ಅಂಟಿಕೊಂಡಿರುತ್ತವೆ. ಜಂಕ್ಷನ್ನುಗಳು ಆಗಲೇ ಕಟ್ಟಿ ಮುಗಿದಿರುವುದರಿಂದ ಅವು ಹೇಗೆ ಕಟ್ಟಿಕೊಂಡವು ಎಂದು ನೋಡಲಾಗುವುದಿಲ್ಲ. ಸೀಸೆಯಲ್ಲಿ ಬೆಳೆದ ಕೋಶಕ್ಕೆ ಈ ತೊಂದರೆಗಳಿಲ್ಲ, ಆದರೆ ಅದರ ಹಿತ್ತಿಲು ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡಿರುತ್ತದೆ. ಎರಡು ಬದಿಯೂ ಕೈಗೆ ಸಿಗಬೇಕೆಂದರೆ ಕೋಶವನ್ನು ಜರಡಿಯ ಮೇಲೆ ಬೆಳೆಸಬೇಕು. ಅಂಥ ಜರಡಿ ಆಗಲೇ ಲ್ಯಾಬುಗಳಲ್ಲಿತ್ತು. 1953ರಲ್ಲೇ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಇಲಿಯ ಭ್ರೂಣದ ಎರಡು ಅಂಗಾಂಶಗಳ ನಡುವೆ ಫಿಲ್ಟರ್ ಇಟ್ಟು ಅವು ಅದರ ಮೂಲಕ ‘ಮಾತಾಡುವುದನ್ನು’ ತೋರಿಸಿದ್ದರು.

1976ರಲ್ಲಿ ಮಿಸ್‌ಫೆಲ್ಟ್, ಹಮಮೊಟೊ, ಪಿಟೆಲ್ಕಾ ಎಂಬ ಮೂವರು ಎಂಡಿಸಿಕೆ ಕೋಶಗಳನ್ನು ಫಿಲ್ಟರಿನ ಮೇಲೆ ಹಾಸಾಗಿ ಬೆಳೆಸಿ, ಕಪ್ಪೆಯ ಚರ್ಮದ ಹಾಗೆಯೇ ಉಸಿಂಗ್ ಪೆಟ್ಟಿಗೆಯಲ್ಲಿ ಬಿಗಿದರು. ಕೈಯಾರೆ ಬಿತ್ತಿ ಬೆಳೆದ ಪೊರೆ ವಿಭವವನ್ನೂ ರೋಧವನ್ನೂ ತೋರಿಸಿತು. ಎರಡು ವರ್ಷದ ಮೇಲೆ, 1978ರಲ್ಲಿ, ಅದೇ ಕೆಲಸವನ್ನು ಇನ್ನಷ್ಟು ಆಳಕ್ಕೆ ಒಯ್ದದ್ದು ಮಾರ್ಸೆಲಿನೋ ಸೆರೆಹಿದೋ.

ಬೂನೋಸ್ ಐರೀಸಿನಲ್ಲಿ ಹುಟ್ಟಿದ ಸೆರೆಹಿದೋ ಕಪ್ಪೆಚರ್ಮದ ಮೇಲೆ ವರ್ಷಗಟ್ಟಲೆ ದುಡಿದ ಮನುಷ್ಯ. 1976ರಲ್ಲಿ ಅರ್ಜೆಂಟೀನಾದಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ವಿಶ್ವವಿದ್ಯಾಲಯಗಳು ಬರಿದಾದವು. ಅವರು ನ್ಯೂಯಾರ್ಕಿಗೆ ಬಂದು, ತಮ್ಮದೇ ನಾಡಿನ ಡೇವಿಡ್ ಸಬಟೀನಿಯ ಪ್ರಯೋಗಾಲಯ ಸೇರಿದರು. ಮುಂದೆ ಮೆಕ್ಸಿಕೋ ನಗರದ ಸಿನ್ವೆಸ್ತಾವ್ ಸಂಸ್ಥೆಯಲ್ಲಿ ನೆಲೆಯೂರಿದರು. ಕೊಲ್ಲಾಜೆನ್ ಬಳಿದ ನೈಲಾನ್ ಬಟ್ಟೆಯ ಬಿಲ್ಲೆಯ ಮೇಲೆ ಅವರು ಬೆಳೆಸಿದ ಎಂಡಿಸಿಕೆ ಪದರದ ರೋಧ ಸುಮಾರು 100 ಓಮ್–ಚದರ ಸೆಂಟಿಮೀಟರ್. ಸಂದಿಯಲ್ಲಿ ಧನ ಅಯಾನುಗಳಿಗೆ ಸಲೀಸು, ಋಣ ಅಯಾನುಗಳಿಗೆ ತಡೆ. ಬರಿಯ ಬಿರುಕಿಗೆ ಇಂಥ ಆಯ್ಕೆ ಇರುವುದಿಲ್ಲ. ಇದೇ ಸಬಟೀನಿ ಬಳಗದಲ್ಲಿ ಅದೇ ವರ್ಷ ಎನ್ರೀಕೆ ರಾಡ್ರೀಗೆಸ್-ಬುಲಾನ್ ಇನ್ನೊಂದು ಸೊಗಸಾದ ಸಂಗತಿ ಕಂಡರು: ಎಂಡಿಸಿಕೆ ಕೋಶದಿಂದ ಇನ್‌ಫ್ಲುಯೆಂಜಾ ವೈರಸ್ಸು ಮುಂಬಾಗಿಲಿನಿಂದಲೇ ಹೊರಡುತ್ತದೆ, ಜಾನುವಾರುಗಳ ಬಾಯಲ್ಲಿ ಗುಳ್ಳೆ ಏಳಿಸುವ ಮತ್ತೊಂದು ವೈರಸ್ಸು ಹಿತ್ತಿಲಿನಿಂದ. ಮುಂದು ಹಿಂದಿನ ಗಡಿಗೆರೆ ಟೈಟ್ ಜಂಕ್ಷನ್ನೇ. ಅಂದ ಹಾಗೆ, ಮ್ಯಾಡಿನ್ ಮತ್ತು ಡಾರ್ಬಿಯ ಮೂಲ ಉದ್ದೇಶವೂ ಹಾಳಾಗಲಿಲ್ಲ. ಇವತ್ತು ಕೆಲವು ಫ್ಲೂ ಲಸಿಕೆಗಳು ಕೋಳಿಮೊಟ್ಟೆ ಬಿಟ್ಟು ಈ ನಾಯಿಕೋಶಗಳಲ್ಲಿ ತಯಾರಾಗುತ್ತವೆ.

ಮೆಕ್ಸಿಕೋದಲ್ಲಿ ಸೆರೆಹಿದೋ, ಅಡಾಲ್ಫೋ ಮಾರ್ಟಿನೆಸ್-ಪಾಲೋಮೋ, ಆಮೇಲೆ ಲೊರೆನ್ಸಾ ಗೊನ್ಸಾಲೆಸ್-ಮಾರಿಸ್ಕಾಲ್ ಮುಂತಾದವರು ಕ್ಯಾಲ್ಸಿಯಮ್ಮನ್ನು ಬೀಗದ ಕೈಯಂತೆ ಬಳಸಿದರು. ಮೀಡಿಯಮ್ಮಿನಿಂದ ಕ್ಯಾಲ್ಸಿಯಂ ತೆಗೆದರೆ ಕೋಶಗಳು ಕೈ ಬಿಟ್ಟು ದುಂಡಗಾಗುತ್ತವೆ, ರೋಧ ಕುಸಿಯುತ್ತದೆ. ವಾಪಸು ಹಾಕಿದರೆ ಕೆಲವೇ ಗಂಟೆಗಳಲ್ಲಿ ಸಂಧಿ ಮತ್ತೆ ಕಟ್ಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದ ಸಮುದ್ರನೀರಿನಲ್ಲಿ ಕಡಲಮುಳ್ಳಿಯ ಭ್ರೂಣ ಬಿಡಿಬಿಡಿಯಾಗುವುದನ್ನು ಕರ್ಟ್ ಹರ್ಬ್‌ಸ್ಟ್ 1900ರಲ್ಲೇ ಕಂಡಿದ್ದ. ಆದರೆ ಜಂಕ್ಷನ್ ಹುಟ್ಟುವುದನ್ನು ಗಡಿಯಾರ ಹಿಡಿದು, ಓಮ್‌ಗಳಲ್ಲಿ ನೋಡುವುದು ಸಾಧ್ಯವಾದದ್ದು ಈ ಹಾಸುಗಳಿಂದ. ‘ಕ್ಯಾಲ್ಸಿಯಂ ಸ್ವಿಚ್’ ಎಂದೇ ಅದಕ್ಕೆ ಹೆಸರಾಯಿತು.

ಆಮೇಲೆ ಒಂದು ಗೋಜಲು. ಸೀಸೆಯಿಂದ ಸೀಸೆಗೆ, ಊರಿಂದ ಊರಿಗೆ ಹೋಗುತ್ತ ಎಂಡಿಸಿಕೆ ಎರಡು ಮನೆತನಗಳಾಗಿ ಒಡೆದಿತ್ತು. ಒಂದನೆಯದರ ರೋಧ ಸಾವಿರಗಳಲ್ಲಿ, ಎರಡನೆಯದರದು ನೂರರ ಸುತ್ತಮುತ್ತ. ಎರಡೂ ಒಂದೇ ನಾಯಿಯವು! ಬೇಲಿಯ ಸಿದ್ಧಾಂತ ನಿಜವಾದರೆ ಒಂದನೆಯದರಲ್ಲಿ ಎಳೆಗಳು ಹೆಚ್ಚಿರಬೇಕು. 1988ರಲ್ಲಿ ಬ್ರೂಸ್ ಸ್ಟೀವನ್‌ಸನ್, ಜೇಮ್ಸ್ ಆ್ಯಂಡರ್ಸನ್ ಮುಂತಾದವರು ಎಣಿಸಿದರು. ಬೇಲಿ ಎಣಿಸುವುದನ್ನು ಶುರುಮಾಡಿದ್ದ ಗುಡೆನೊ ಕೂಡ ಅವರ ಜೊತೆಗಿದ್ದರು. ಎಳೆಗಳ ಸಂಖ್ಯೆ ಎರಡರಲ್ಲೂ ಒಂದೇ. ಅವರೇ ಎರಡು ವರ್ಷದ ಹಿಂದೆ ಕಂಡುಹಿಡಿದಿದ್ದ ಜೆಡ್‌ಓ-1 ಎಂಬ ಸಂಧಿಪ್ರೋಟೀನಿನ ಪ್ರಮಾಣವೂ ಒಂದೇ. ಬೇಲಿ ಒಂದೇ ಎತ್ತರ, ಒಂದೇ ಸಾಲು. ಆದರೂ ಒಂದರಲ್ಲಿ ದನ ನುಗ್ಗುತ್ತಿತ್ತು, ಇನ್ನೊಂದರಲ್ಲಿ ಇಲ್ಲ.

ಉತ್ತರ ಬಂದದ್ದು ಜಪಾನಿನ ಕ್ಯೋಟೋದಿಂದ, ಅದೂ ಒಮ್ಮೆ ಎಡವಿದ ಮೇಲೆ. ಶೋಇಚಿರೊ ತ್ಸುಕಿತಾ ಮತ್ತು ಮಿಕಿಯೊ ಫುರುಸೆ ಕೋಳಿಯ ಯಕೃತ್ತಿನಿಂದ ಸಂಧಿಭಾಗಗಳನ್ನು ಬೇರ್ಪಡಿಸಿ, 1993ರಲ್ಲಿ ಆಕ್ಲುಡಿನ್ ಎಂಬ ಪ್ರೋಟೀನನ್ನು ಹಿಡಿದರು. ಎಳೆಗಳನ್ನು ಕಟ್ಟುವುದು ಇದೇ ಎಂದು ಎಲ್ಲರೂ ನಂಬಿದರು. ತಮ್ಮ ನಂಬಿಕೆಯನ್ನು ಒರೆಗೆ ಹಚ್ಚಲು ಅವರೇ ಆಕ್ಲುಡಿನ್ ಜೀನ್ ಕಿತ್ತ ಕೋಶಗಳನ್ನು ಮಾಡಿದರು. ಆ ಕೋಶಗಳಲ್ಲೂ ಟೈಟ್ ಜಂಕ್ಷನ್ ನೆಟ್ಟಗೆ ಕಟ್ಟಿಕೊಂಡಿತು. ಐದು ವರ್ಷದ ಕೆಲಸ ನೆಲಕ್ಕೆ ಬಿದ್ದ ಹಾಗೆ ಕಾಣುವ ಗಳಿಗೆ ಅದು. ತ್ಸುಕಿತಾ ಬಳಗ ಅದೇ ಕೋಳಿಯಕೃತ್ತಿಗೆ ಹಿಂತಿರುಗಿ ಮತ್ತೆ ಜಾಲಾಡಿತು. 1998ರಲ್ಲಿ ಎರಡು ಪುಟಾಣಿ ಪ್ರೋಟೀನುಗಳು ಸಿಕ್ಕವು. ಪೊರೆಯನ್ನು ನಾಲ್ಕು ಸಲ ಹೊಲಿಗೆಯಂತೆ ದಾಟುವ ಇವುಗಳಿಗೆ ಮುಚ್ಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಕ್ಲಾಡಿನ್ ಎಂದು ಹೆಸರಿಟ್ಟರು. ಟೈಟ್ ಜಂಕ್ಷನ್ ಇಲ್ಲವೇ ಇಲ್ಲದ ಇಲಿಯ ನಾರುಕೋಶಗಳಿಗೆ ಕ್ಲಾಡಿನ್ ಕೊಟ್ಟಾಗ ಅವು ಎಳೆ ಹೆಣೆಯತೊಡಗಿದವು. ಸಸ್ತನಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಕ್ಲಾಡಿನ್ ಇವೆ ಎಂಬುದು ಆಮೇಲೆ ಗೊತ್ತಾಯಿತು.

2001ರಲ್ಲಿ ಅದೇ ಬಳಗ ನಾಯಿಯ ಒಗಟನ್ನು ಬಿಡಿಸಿತು. ಸೋರುವ ಎರಡನೆಯ ಮನೆತನದಲ್ಲಿ ಕ್ಲಾಡಿನ್-2 ಧಾರಾಳವಾಗಿತ್ತು, ಬಿಗಿಯಾದ ಒಂದನೆಯದರಲ್ಲಿ ಇರಲೇ ಇಲ್ಲ. ಒಂದನೆಯದಕ್ಕೆ ಆ ಒಂದು ಜೀನ್ ಸೇರಿಸಿದರು. ಎಳೆಗಳು ಇದ್ದ ಹಾಗೇ ಇದ್ದವು. ರೋಧ ಮಾತ್ರ ಸಾವಿರಗಳಿಂದ ಇಳಿದು ಎರಡನೆಯದರ ಮಟ್ಟಕ್ಕೆ ಬಂದು ನಿಂತಿತು. ಕೆರೆಯ ಏರಿ ಸೋರುತ್ತಿದೆ ಎಂದು ಇಷ್ಟು ಕಾಲ ಬೈದುಕೊಂಡದ್ದು ಏರಿಯನ್ನಲ್ಲ, ತೂಬನ್ನು. ಮುಚ್ಚುವುದು ಎಂದು ಹೆಸರಿಟ್ಟ ಪ್ರೋಟೀನುಗಳಲ್ಲೇ ಒಂದು ತೆರೆಯುವ ಕೆಲಸಕ್ಕೆ ನಿಂತಿತ್ತು. ತ್ಸುಕಿತಾ 2005ರಲ್ಲಿ, 52ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಕ್ಲಾಡಿನ್ ಶೋಧಕ್ಕೆ ಆಗ ಇನ್ನೂ ಏಳು ವರ್ಷ.

ತೂಬುಗಳಿಗೆ ಗಾತ್ರವೂ ಇದೆ, ರುಚಿಯೂ ಇದೆ. ಕ್ರಿಸ್ಟಿನಾ ವ್ಯಾನ್ ಇಟಾಲಿ ಮತ್ತು ಆ್ಯಂಡರ್ಸನ್ ಎಂಡಿಸಿಕೆ ಕೋಶಗಳಲ್ಲಿ ಕ್ಲಾಡಿನ್‌ನ ಹೊರಚಾಚಿದ ಭಾಗದ ಒಂದೆರಡು ವಿದ್ಯುದಾವೇಶಗಳನ್ನು ತಿರುವುಮುರುವು ಮಾಡಿದಾಗ ಸಂದಿಯ ಆಯ್ಕೆಯೇ ಬದಲಾಯಿತು. ಸಣ್ಣದರಿಂದ ದೊಡ್ಡದರವರೆಗೆ ಅಣುಗಳ ಸಾಲು ಕಳಿಸಿ ನೋಡಿದರೆ, ಸುಮಾರು 4 ಆಂಗ್‌ಸ್ಟ್ರಾಂ ತ್ರಿಜ್ಯದವರೆಗೆ ಸಲೀಸಾಗಿ ಬಿಡುವ ಕಿರುರಂಧ್ರಗಳು ಬಹಳ. ಅದಕ್ಕಿಂತ ದೊಡ್ಡ ಅಣುಗಳಿಗೆ ಬೇರೆಯೇ ಒಂದು ದಾರಿ ಇದೆ, ಅಲ್ಲಿ ಸಂಚಾರ ತೀರ ವಿರಳ. ಕೋಡಿ ಬಿದ್ದಾಗ ಮಾತ್ರ ಹರಿಯುವ ನೀರಿನ ಹಾಗೆ.

ಇದೆಲ್ಲ ಸೀಸೆಯೊಳಗಿನ ಆಟವಲ್ಲ ಎಂಬುದಕ್ಕೆ ರೋಗಿಗಳು ಸಾಕ್ಷಿ. ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗುವ ಒಂದು ವಂಶಪಾರಂಪರ್ಯ ಕಾಯಿಲೆಗೆ ಈಗ ಕ್ಲಾಡಿನ್-16 ಎಂದು ಕರೆಯುವ ಪ್ರೋಟೀನಿನ ದೋಷ ಕಾರಣ ಎಂದು 1999ರಲ್ಲಿ ತಿಳಿಯಿತು. 2001ರಲ್ಲಿ ಪಾಕಿಸ್ತಾನದ ಎರಡು ದೊಡ್ಡ ಕುಟುಂಬಗಳಲ್ಲಿನ ಹುಟ್ಟುಕಿವುಡಿಗೆ ಕ್ಲಾಡಿನ್-14 ಕಾರಣ ಎಂದು ಗೊತ್ತಾಯಿತು. ಕ್ಲಾಡಿನ್-1 ಇಲ್ಲದೆ ಹುಟ್ಟಿದ ಇಲಿಮರಿಗಳು ಚರ್ಮದಿಂದ ನೀರು ಆರಿ ಒಂದೇ ದಿನದಲ್ಲಿ ಸತ್ತವು.

ಅಷ್ಟು ಹೊತ್ತಿಗೆ ಈ ಕಸುಬು ಔಷಧ ಕಂಪನಿಗಳ ಅಂಗಳಕ್ಕೂ ಇಳಿದಿತ್ತು. ಅಲ್ಲಿನ ನಾಯಕ ನಾಯಿಯಲ್ಲ, 72 ವರ್ಷದ ಒಬ್ಬ ರೋಗಿಯ ದೊಡ್ಡಕರುಳಿನ ಗೆಡ್ಡೆಯಿಂದ ಯೋರ್ಗನ್ ಫಾಗ್ ಬೆಳೆಸಿದ ಕ್ಯಾಕೊ-2 ಕೋಶ. 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಅಲೆನ್ ಜ್ವೈಬೌಮ್ ಬಳಗ ಒಂದು ಸೋಜಿಗ ಕಂಡಿತು. ಪದರ ತುಂಬಿದ ಮೇಲೂ ಸುಮ್ಮನೆ ಬಿಟ್ಟರೆ ದೊಡ್ಡಕರುಳಿನ ಈ ಕ್ಯಾನ್ಸರ್ ಕೋಶಗಳು ಸಣ್ಣಕರುಳಿನ ಕೋಶಗಳ ವೇಷ ಹಾಕುತ್ತವೆ. ಮೇಲೆ ಬ್ರಷ್ಷಿನಂಥ ಕುಚ್ಚು, ಸಕ್ಕರೆ ಒಡೆಯುವ ಕಿಣ್ವ ಎಲ್ಲ ಬರುತ್ತವೆ. 1989ರಲ್ಲಿ ಇಸ್ಮಾಯೆಲ್ ಹಿಡಾಲ್ಗೊ, ಥಾಮಸ್ ರಾಬ್, ರೊನಾಲ್ಡ್ ಬೋರ್ಕರ್ಟ್ ಅದನ್ನು ಫಿಲ್ಟರಿನ ಮೇಲೆ ಬೆಳೆಸಿ ಅಣುಗಳ ದಾಟಾಟವನ್ನು ಅಳೆದರು. ಸ್ವೀಡನ್ನಿನ ಪೆರ್ ಆರ್ಟುರ್ಸನ್, ಈ ಪದರವನ್ನು ಬೇಗ ದಾಟುವ ಔಷಧಗಳು ಮನುಷ್ಯನ ಕರುಳಿನಿಂದಲೂ ಚೆನ್ನಾಗಿ ಹೀರಿಕೆಯಾಗುತ್ತವೆ ಎಂದು ತೋರಿಸಿದರು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಪದರದ ಲೆಕ್ಕವನ್ನೂ ಪುರಾವೆಯಾಗಿ ಒಪ್ಪುವುದಾಗಿ ಮಾರ್ಗಸೂಚಿ ಹೊರಡಿಸಿದ ಮೇಲೆ, ಅಲ್ಲಿಗೆ ಮಾತ್ರೆ ಕಳಿಸುವವರಿಗೆಲ್ಲ ಕ್ಯಾಕೊ-2 ಪರಿಚಿತ ಹೆಸರಾಯಿತು.

ಬೆಂಗಳೂರಿನ ಔಷಧ ಸಂಶೋಧನಾ ಲ್ಯಾಬುಗಳಲ್ಲೂ ಇದು ದಿನದ ಕೆಲಸ. ಬಟ್ಟಲೊಳಗೆ ಬಟ್ಟಲಿಟ್ಟಂಥ ಪ್ಲಾಸ್ಟಿಕ್ ತಟ್ಟೆ, ಒಳಬಟ್ಟಲಿನ ತಳಕ್ಕೆ ಜರಡಿಪೊರೆ, ಅದರ ಮೇಲೆ ಕೋಶ. 21 ದಿನ ಮೀಡಿಯಂ ಬದಲಿಸುತ್ತ ಕಾಯಬೇಕು. ಆಮೇಲೆ ಚೀನೀ ಊಟದ ಕಡ್ಡಿಗಳಂತಿರುವ ಜೋಡಿ ಎಲೆಕ್ಟ್ರೋಡನ್ನು ಅದ್ದಿ ರೋಧ ನೋಡಬೇಕು. ಲೂಸಿಫರ್ ಯೆಲ್ಲೊ ಎಂಬ ಹೊಳೆಯುವ ಬಣ್ಣವನ್ನೋ ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ಅಣುವನ್ನೋ ಮೇಲೆ ಹಾಕಿ ಕೆಳಗೆ ಎಷ್ಟು ಇಳಿಯಿತು ಎಂದು ಅಳೆಯಬೇಕು. ಇವಕ್ಕೆ ಕೋಶದ ಒಳಗೆ ಪ್ರವೇಶ ಸುಲಭವಿಲ್ಲ, ಸಂದಿಯೇ ಗತಿ. ಆದ್ದರಿಂದ ಇವು ಹೆಚ್ಚು ಇಳಿದರೆ ಪದರ ಹರಿದಿದೆ ಎಂದರ್ಥ. ಮೂರು ವಾರದ ಶ್ರಮ ತೊಟ್ಟಿಗೆ.

ಕ್ಯಾಕೊ-2ಗೆ ಒಂದು ಐಬು ಇದೆ. ಎಷ್ಟೆಂದರೂ ದೊಡ್ಡಕರುಳಿನ ಕುಲ, ಅದರ ಸಂದಿಗಳು ನಮ್ಮ ಸಣ್ಣಕರುಳಿಗಿಂತ ಬಿಗಿ. ಸಂದಿಯಲ್ಲಿ ಸಾಗುವ ಔಷಧಗಳನ್ನು ಅದು ನಿಜಕ್ಕಿಂತ ನಿಧಾನಿಗಳಾಗಿ ತೋರಿಸುತ್ತದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ದಿನಾ ಕಾಣುವ ಮೆಟ್‌ಫಾರ್ಮಿನ್ ಇಂಥದ್ದು. ನೀರನ್ನು ಮೆಚ್ಚಿ ಕೊಬ್ಬನ್ನು ದೂರವಿಡುವ ಈ ಅಣುವಿಗೆ ಕೋಶಪೊರೆ ದಾಟುವುದು ಕಷ್ಟ. 2008ರಲ್ಲಿ ನಾರ್ತ್ ಕ್ಯಾರೊಲೈನಾದ ಧಿರೇನ್ ಠಕ್ಕರ್ ಬಳಗ ಕ್ಯಾಕೊ-2 ಪದರದಲ್ಲಿ ಕಂಡ ಪ್ರಕಾರ, ಅದು ಮುಂಬಾಗಿಲಿನಿಂದ ಕೋಶದೊಳಗೆ ಸೇರಿಕೊಳ್ಳುತ್ತದೆ, ಆದರೆ ಹಿತ್ತಿಲ ಬಾಗಿಲು ಅದಕ್ಕೆ ಸರಿಯಾಗಿ ತೆರೆಯುವುದಿಲ್ಲ. ದಾಟಿದ ಮೆಟ್‌ಫಾರ್ಮಿನ್ನಿನ ಹೆಚ್ಚಿನ ಪಾಲು ಸಂದಿಯಿಂದ ಹೋದದ್ದು.

ಅಣುಗಳು ಸಂದಿ ದಾಟುವ ಕ್ಷಣವನ್ನೇ ಹಿಡಿಯುವ ಆಸೆ ಮಾತ್ರ ಬಹುಕಾಲ ಈಡೇರಲಿಲ್ಲ. ಕೋಶಪೊರೆಯ ಒಂದೊಂದೇ ರಂಧ್ರದ ಕರೆಂಟನ್ನು ಅಳೆಯುವ ಪ್ಯಾಚ್ ಕ್ಲಾಂಪ್ ತಂತ್ರ 1970ರ ದಶಕದಿಂದಲೇ ಇತ್ತು. ಅದು ಪೊರೆಯ ಮೇಲೆ ನೇರ ಕೂರುವ ಗಾಜಿನ ನಳಿಕೆ. ಪೊರೆಗೆ ಸಮಾನಾಂತರವಾಗಿ, ಎರಡು ಕೋಶಗಳ ನಡುವೆ ನಿಂತಿರುವ ತೂಬಿಗೆ ಅದನ್ನು ಹೊಂದಿಸುವುದು ಹೇಗೆ? 2015ರಲ್ಲಿ ಕ್ರಿಸ್ಟೋಫರ್ ವೆಬರ್, ಜೆರಾಲ್ಡ್ ಟರ್ನರ್ ಮತ್ತಿತರರು ನಳಿಕೆಯ ಬಾಯನ್ನು ಎರಡು ಕೋಶಗಳ ಗೆರೆಯ ಮೇಲೆಯೇ ಕೂರಿಸಿದರು. ಕೋಶಗಳು ಒಂದನೆಯ ಮನೆತನದ ಎಂಡಿಸಿಕೆ, ಅದಕ್ಕೆ ಬೇಕೆಂದಾಗ ಕ್ಲಾಡಿನ್-2 ಹೊತ್ತಿಸಬಹುದು, ಬೇಡವೆಂದಾಗ ಆರಿಸಬಹುದು. ಆರಿಸಿದಾಗ ಪರದೆಯ ಮೇಲಿನ ಗೆರೆ ಹೆಚ್ಚುಕಮ್ಮಿ ನೆಟ್ಟಗಿತ್ತು. ಹೊತ್ತಿಸಿದಾಗ ಅದು ಮೆಟ್ಟಿಲು ಮೆಟ್ಟಿಲಾಗಿ ಹಾರತೊಡಗಿತು. ಹತ್ತೊಂಬತ್ತನೆಯ ಶತಮಾನದವರು ಗಾರೆ ಎಂದು ಗುರುತು ಹಾಕಿದ್ದ ಆ ಕಪ್ಪು ಗೆರೆಯಲ್ಲಿ, ಕಾಕರ್ ಸ್ಪ್ಯಾನಿಯಲ್ಲಿನ ಎರಡು ಕೋಶಗಳ ನಡುವೆ, ಒಂದು ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು.